ಸದನ ಕೇಳಿತು, ದೇಶ ಕೇಳಲಿಲ್ಲ

2015ರ ಮೇ 28, ಗುರುವಾರ. ಡಬ್ಲಿನ್‌ನ ಲೆನ್‌ಸ್ಟರ್ ಹೌಸ್‌ನಲ್ಲಿ ಐರ್ಲೆಂಡ್ ಸಂಸತ್ತಿನ ಕೆಳಮನೆ ‘ಡಾಯ್ಲ್’ ಸೇರಿತ್ತು. ಉತ್ತರ ಕಿಲ್ಡೇರ್ ಕ್ಷೇತ್ರದ ಪಕ್ಷೇತರ ಸದಸ್ಯೆ ಕ್ಯಾಥರೀನ್ ಮರ್ಫಿ ಲೆಕ್ಕಪರಿಶೋಧನೆಗೆ ಸಂಬಂಧಿಸಿದ ಒಂದು ಖಾಸಗಿ ಮಸೂದೆ ಮಂಡಿಸಲು ಎದ್ದು ನಿಂತರು. ಮಸೂದೆ ಪಾಸಾಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅದರ ನೆಪದಲ್ಲಿ ಅವರು ಆಡಿದ ಮಾತು ಬೇರೆಯೇ ಆಗಿತ್ತು. ಜನರ ತೆರಿಗೆ ಹಣದಲ್ಲಿ ಉಳಿಸಿಕೊಂಡ ಬ್ಯಾಂಕೊಂದು ದೇಶದ ಅತಿ ಸಿರಿವಂತ ಉದ್ಯಮಿಗಳಲ್ಲಿ ಒಬ್ಬರಾದ ಡೆನಿಸ್ ಓ'ಬ್ರಯನ್ ಅವರಿಗೆ ಸಾಲದ ಬಡ್ಡಿಯಲ್ಲಿ ಭಾರಿ ರಿಯಾಯಿತಿ ಕೊಟ್ಟಿತ್ತು ಎಂದು ಅವರು ಆರೋಪಿಸಿದರು. ಓ'ಬ್ರಯನ್ ಈ ಆರೋಪವನ್ನು ಸಾರಾಸಗಟಾಗಿ ಅಲ್ಲಗಳೆದರು.

ಸಾಮಾನ್ಯವಾಗಿ ಇಂಥ ಮಾತು ಅದೇ ಸಂಜೆಯ ವಾರ್ತೆಯಲ್ಲಿ ಮೊದಲ ಸುದ್ದಿಯಾಗಬೇಕು. ಹಾಗಾಗಲಿಲ್ಲ. ಒಂದು ವಾರದ ಹಿಂದಷ್ಟೇ, ಮೇ 21ರಂದು, ಓ'ಬ್ರಯನ್ ತಮ್ಮ ಬ್ಯಾಂಕ್ ವ್ಯವಹಾರದ ಖಾಸಗಿ ವಿವರಗಳನ್ನು ಪ್ರಸಾರ ಮಾಡದಂತೆ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಇ ವಿರುದ್ಧ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಈಗ ಅದೇ ವಿವರ ಸಂಸತ್ತಿನ ಕಡತ ಸೇರಿದೆ. ವರದಿ ಮಾಡಿದರೆ ನ್ಯಾಯಾಂಗ ನಿಂದನೆ ಆಗಬಹುದೆ? ಆರ್‌ಟಿಇ, ಐರಿಷ್ ಟೈಮ್ಸ್‌ನಂಥ ದೊಡ್ಡ ಸಂಸ್ಥೆಗಳ ವಕೀಲರು ತಡೆಯಿರಿ ಎಂದರು. ಮರ್ಫಿ ಮಾತನಾಡಿದರು ಎಂಬುದು ಸುದ್ದಿಯಾಯಿತು, ಏನು ಮಾತನಾಡಿದರು ಎಂಬುದು ಆಗಲಿಲ್ಲ.

ಸಂಸತ್ತಿನ ಜಾಲತಾಣದಲ್ಲಿ ಆ ಭಾಷಣದ ಅಧಿಕೃತ ಪಠ್ಯ ಯಾರು ಬೇಕಾದರೂ ಓದಬಹುದಾದಂತೆ ಬಿದ್ದಿತ್ತು. ಫೇಸ್‌ಬುಕ್, ಟ್ವಿಟರ್‌ಗಳಲ್ಲಿ ಕೈಯಿಂದ ಕೈಗೆ ಹರಿದಾಡುತ್ತಿತ್ತು. ವಿದೇಶಿ ಪತ್ರಿಕೆಗಳು ಬರೆದವು. ತಮ್ಮ ಸಂಸತ್ತಿನಲ್ಲಿ ಆಡಿದ ಮಾತನ್ನು ಐರಿಷ್ ಜನರಿಗೆ ತಮ್ಮ ದೊಡ್ಡ ಪತ್ರಿಕೆಗಳಲ್ಲಿ ಮಾತ್ರ ಓದಲಾಗಲಿಲ್ಲ. ಸಾಲದ್ದಕ್ಕೆ ಅದು ಉದ್ದನೆಯ ವಾರಾಂತ್ಯ. ಜೂನ್ ತಿಂಗಳ ಮೊದಲ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ವಿಷಯ ಮತ್ತೆ ಹೈಕೋರ್ಟಿನ ಮುಂದೆ ಬಂದದ್ದು ಜೂನ್ 2ರ ಮಂಗಳವಾರ. ತಡೆಯಾಜ್ಞೆ ನೀಡಿದ್ದ ನ್ಯಾಯಮೂರ್ತಿ ಡೊನಾಲ್ಡ್ ಬಿಂಚಿ ಅವರೇ ಅಂದು ಸ್ಪಷ್ಟಪಡಿಸಿದರು: ಸದನದಲ್ಲಿ ಆಡಿದ ಮಾತಿನ ವರದಿಯನ್ನು ತಡೆಯುವ ಉದ್ದೇಶ ತಮ್ಮ ಆದೇಶಕ್ಕೆ ಇರಲಿಲ್ಲ, ಹಾಗೆ ತಡೆಯುವ ಅಧಿಕಾರವೂ ತಮಗಿಲ್ಲ.

ವಿರೋಧ ಪಕ್ಷದ ಒಬ್ಬ ಸದಸ್ಯರು ಸರ್ಕಾರವನ್ನು ಪ್ರಶ್ನಿಸುವುದೆಂದರೆ ನಿಜವಾಗಿ ಏನು, ಆ ಪ್ರಶ್ನೆಗೆ ಬಲ ಎಲ್ಲಿಂದ ಬರುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬುದಕ್ಕೆ ಗುರುವಾರದಿಂದ ಮಂಗಳವಾರದವರೆಗಿನ ಆ ಅವಧಿಗಿಂತ ಒಳ್ಳೆಯ ಪಾಠ ಇನ್ನೊಂದು ಸಿಗಲಿಕ್ಕಿಲ್ಲ.

ಮುಳುಗಿದ ಬ್ಯಾಂಕು, ಮಾರಿದ ಕಂಪನಿ

ಕಥೆಯ ಬೇರು 2008ರ ಆರ್ಥಿಕ ಕುಸಿತದಲ್ಲಿದೆ. ಬಿಲ್ಡರ್‌ಗಳಿಗೆ ಕಣ್ಣುಮುಚ್ಚಿ ಸಾಲ ಕೊಟ್ಟಿದ್ದ ಆಂಗ್ಲೊ ಐರಿಷ್ ಬ್ಯಾಂಕ್ 2009ರ ಜನವರಿಯಲ್ಲಿ ಸರ್ಕಾರದ ಕೈಗೆ ಬಂತು. ಅದನ್ನು ಎತ್ತಿ ನಿಲ್ಲಿಸಲು ಜನರ ಬೊಕ್ಕಸದಿಂದ ಹೋದದ್ದು ಸುಮಾರು 3,000 ಕೋಟಿ ಯೂರೊ. ಇಡೀ ದೇಶದ ಜನಸಂಖ್ಯೆ ಆಗ ಅರ್ಧ ಕೋಟಿಯನ್ನೂ ಮುಟ್ಟಿರಲಿಲ್ಲ. 2010ರ ಕೊನೆಗೆ ಐರ್ಲೆಂಡ್ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಎದುರು ಕೈಯೊಡ್ಡಬೇಕಾಯಿತು. ಸಂಬಳ, ಪಿಂಚಣಿ, ಆಸ್ಪತ್ರೆ, ಶಾಲೆ ಎಲ್ಲಕ್ಕೂ ಕತ್ತರಿ ಬಿತ್ತು. 2011ರಲ್ಲಿ ಆಂಗ್ಲೊ ಬ್ಯಾಂಕನ್ನು ಇನ್ನೊಂದು ದಿವಾಳಿ ಸಂಸ್ಥೆಯೊಂದಿಗೆ ಸೇರಿಸಿ ‘ಐಬಿಆರ್‌ಸಿ’ ಎಂದು ಹೆಸರಿಟ್ಟರು. ಹಳೆಯ ಸಾಲಗಳನ್ನು ಆದಷ್ಟು ವಸೂಲು ಮಾಡಿ ಅಂಗಡಿ ಮುಚ್ಚುವುದೇ ಅದರ ಕೆಲಸ.

2012ರಲ್ಲಿ ಐಬಿಆರ್‌ಸಿಗೆ ಸುಮಾರು 15 ಕೋಟಿ ಯೂರೊ ಬಾಕಿ ಉಳಿಸಿಕೊಂಡಿದ್ದ ಸೈಟ್‌ಸರ್ವ್ ಎಂಬ ಕಂಪನಿ ಓ'ಬ್ರಯನ್ ಒಡೆತನದ ಸಂಸ್ಥೆಗೆ ಸುಮಾರು 4.5 ಕೋಟಿ ಯೂರೊಗೆ ಮಾರಾಟವಾಯಿತು. ಬ್ಯಾಂಕು 10 ಕೋಟಿ ಯೂರೊಗೂ ಹೆಚ್ಚು ಸಾಲವನ್ನು ಬಿಟ್ಟುಕೊಟ್ಟಿತು. ಸಾಲವೇ ತೀರದ ಕಂಪನಿಯ ಷೇರುದಾರರಿಗೆ ಮಾತ್ರ 50 ಲಕ್ಷ ಯೂರೊ ಸಂದಿತು. ಮುಂದೆ ಅದೇ ಸೈಟ್‌ಸರ್ವ್‌ನ ಅಂಗಸಂಸ್ಥೆಗೆ ಮನೆಮನೆಗೆ ನೀರಿನ ಮೀಟರ್ ಹಾಕುವ ಸರ್ಕಾರಿ ಗುತ್ತಿಗೆ ಸಿಕ್ಕಿತು. 2014ರಲ್ಲಿ ನೀರಿನ ಶುಲ್ಕದ ವಿರುದ್ಧ ಡಬ್ಲಿನ್ ಬೀದಿಗಳಲ್ಲಿ ಹತ್ತಾರು ಸಾವಿರ ಜನ ನೆರೆದಾಗ ಈ ವ್ಯವಹಾರದ ಮಾತು ಮೆರವಣಿಗೆಗಳಿಗೂ ಬಂತು. ಲೆಕ್ಕಪತ್ರದ ಒಂದು ಒಣ ಸಾಲು ಹೀಗೆ ಅಡುಗೆಮನೆಯ ನಲ್ಲಿಯವರೆಗೆ ಬಂದು ಮುಟ್ಟಿತ್ತು.

ಪ್ರಶ್ನೆಯ ಮೇಲೆ ಪ್ರಶ್ನೆ

ಅಂದಿನ ಅಂಕಗಣಿತ ನೋಡಿ. 2011ರ ಚುನಾವಣೆಯಲ್ಲಿ 166 ಸ್ಥಾನಗಳ ಡಾಯ್ಲ್‌ನಲ್ಲಿ ಫಿನೆ ಗೇಲ್ 76, ಲೇಬರ್ 37 ಗೆದ್ದು ಕೂಡಿ ಸರ್ಕಾರ ರಚಿಸಿದ್ದವು. ಎಂಡಾ ಕೆನ್ನಿ ಪ್ರಧಾನಿ. ಐರಿಷ್ ಭಾಷೆಯಲ್ಲಿ ಆ ಹುದ್ದೆಗೆ ‘ಟೀಶಕ್’ ಎನ್ನುತ್ತಾರೆ. ಇಂಥ ಬಹುಮತದ ಎದುರು ಒಬ್ಬ ಪಕ್ಷೇತರ ಸದಸ್ಯೆಯ ಮತಕ್ಕೆ ಬೆಲೆಯೇ ಇಲ್ಲ. ಬಿಡಿ ಬಿಡಿಯಾಗಿದ್ದರೆ ಮಾತಿಗೂ ಸಮಯ ಸಿಗದು. ಅದಕ್ಕೇ ಪಕ್ಷೇತರರು ಮತ್ತು ಸಣ್ಣ ಪಕ್ಷಗಳವರು ಸೇರಿ ‘ತಾಂತ್ರಿಕ ಗುಂಪು’ ಕಟ್ಟಿಕೊಂಡರು. ಸಿದ್ಧಾಂತದಲ್ಲಿ ಎಡ, ಬಲ ಎಲ್ಲರೂ ಅದರಲ್ಲಿದ್ದರು. ಸದನದಲ್ಲಿ ಮಾತಿನ ಸಮಯ ಗಿಟ್ಟಿಸುವುದಷ್ಟೇ ಅವರನ್ನು ಕಟ್ಟಿಹಾಕಿದ್ದ ನಂಟು. ಆ ಗುಂಪಿನ ಸಚೇತಕಿ ಮರ್ಫಿ. ಡಬ್ಲಿನ್ ಸಮೀಪದ ಲೀಕ್ಸ್‌ಲಿಪ್‌ನ ಸ್ಥಳೀಯ ರಾಜಕಾರಣದಿಂದ ಬಂದವರು. ವರ್ಕರ್ಸ್ ಪಾರ್ಟಿ, ಡೆಮಾಕ್ರಟಿಕ್ ಲೆಫ್ಟ್, ಲೇಬರ್ ದಾಟಿ ಪಕ್ಷೇತರರಾದವರು. 2005ರ ಉಪಚುನಾವಣೆಯಲ್ಲಿ ಗೆದ್ದು, 2007ರಲ್ಲಿ ಸೋತು, 2011ರಲ್ಲಿ ಮರಳಿದವರು.

ಅವರು ಹಿಡಿದ ಆಯುಧ ಲಿಖಿತ ಪ್ರಶ್ನೆ. ಗದ್ದಲವಿಲ್ಲ, ಬಾವಿಗಿಳಿಯುವುದಿಲ್ಲ. ಸದಸ್ಯರು ಪ್ರಶ್ನೆ ಬರೆದು ಕೊಡುತ್ತಾರೆ. ಅದಕ್ಕೊಂದು ಸಂಖ್ಯೆ ಬೀಳುತ್ತದೆ. ಸಂಬಂಧಪಟ್ಟ ಸಚಿವರ ಹೆಸರಿನಲ್ಲಿ ಇಲಾಖೆ ಉತ್ತರ ಸಿದ್ಧಪಡಿಸುತ್ತದೆ. ಪ್ರಶ್ನೆ, ಉತ್ತರ ಎರಡೂ ಅಧಿಕೃತ ವರದಿಯಲ್ಲಿ ಅಚ್ಚಾಗುತ್ತವೆ. ಮೊದಲ ಉತ್ತರ ಬಹುತೇಕ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇರುತ್ತದೆ. ಸೈಟ್‌ಸರ್ವ್ ಬಗ್ಗೆ ಕೇಳಿದಾಗ ಹಣಕಾಸು ಸಚಿವ ಮೈಕೆಲ್ ನೂನನ್ ಅವರ ಉತ್ತರಗಳ ಧಾಟಿಯೂ ಅದೇ: ಬ್ಯಾಂಕಿನ ವ್ಯಾಪಾರಿ ನಿರ್ಧಾರಗಳು ಅದರ ಆಡಳಿತ ಮಂಡಳಿಗೆ ಸೇರಿದ್ದು, ಸಚಿವರಿಗಲ್ಲ. ನುರಿತ ಸದಸ್ಯರು ಇಲ್ಲಿಗೆ ಕೈಬಿಡುವುದಿಲ್ಲ. ಉತ್ತರದಲ್ಲಿ ಬಿಟ್ಟುಹೋದದ್ದನ್ನೇ ಮುಂದಿನ ಪ್ರಶ್ನೆ ಮಾಡುತ್ತಾರೆ. ಸಚಿವರು ಭೇಟಿಯಾದದ್ದು ಯಾರನ್ನು? ಅಧಿಕಾರಿಗಳು ಏನಾದರೂ ಆಕ್ಷೇಪ ಬರೆದಿದ್ದರೇ? ಬರೆದಿದ್ದರೆ ಆ ಟಿಪ್ಪಣಿ ಎಲ್ಲಿದೆ? ಸಂಸತ್ತಿಗೆ ತಪ್ಪು ಮಾಹಿತಿ ಕೊಟ್ಟರೆ ಅದು ಸಚಿವರ ಕೊರಳಿಗೇ ಸುತ್ತಿಕೊಳ್ಳುತ್ತದೆ. ಹಾಗಾಗಿ ಪ್ರತಿ ಉತ್ತರವೂ ಇಲಾಖೆಯನ್ನು ಒಂದು ಮಾತಿಗೆ ಕಟ್ಟಿಹಾಕುತ್ತ ಹೋಗುತ್ತದೆ.

ಮರ್ಫಿ ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದ್ದರು. 2015ರ ಏಪ್ರಿಲ್‌ನಲ್ಲಿ ಕಡತ ಹೊರಬಂತು. ಸೈಟ್‌ಸರ್ವ್ ಸೇರಿದಂತೆ ಬ್ಯಾಂಕಿನ ಕೆಲವು ದೊಡ್ಡ ವ್ಯವಹಾರಗಳ ಬಗ್ಗೆ ಹಣಕಾಸು ಇಲಾಖೆಯ ಅಧಿಕಾರಿಗಳೇ 2012ರಲ್ಲಿ ಕಳವಳ ದಾಖಲಿಸಿದ್ದರು. ಬ್ಯಾಂಕಿನ ಅಧ್ಯಕ್ಷರಾಗಿದ್ದ ಅಲನ್ ಡ್ಯೂಕ್ಸ್ ವ್ಯವಹಾರ ಸರಿಯಾಗಿಯೇ ನಡೆದಿತ್ತೆಂದು ಸಮರ್ಥಿಸಿಕೊಂಡರು. ಅವರು ಆಡಳಿತ ಪಕ್ಷವಾದ ಫಿನೆ ಗೇಲ್‌ನ ಮಾಜಿ ನಾಯಕರು, ಮಾಜಿ ಹಣಕಾಸು ಸಚಿವರು. ಸರ್ಕಾರ ಮೊದಲಿಗೆ, ಬ್ಯಾಂಕನ್ನು ಮುಚ್ಚುವ ಹೊಣೆ ಹೊತ್ತಿದ್ದ ಕೆಪಿಎಂಜಿ ಸಂಸ್ಥೆಯವರಿಗೇ ಪರಿಶೀಲನೆ ಒಪ್ಪಿಸಿತು. ಸೈಟ್‌ಸರ್ವ್ ಮಾರಾಟದಲ್ಲಿ ಆ ಕಂಪನಿಗೆ ಸಲಹೆ ಕೊಟ್ಟದ್ದೂ ಕೆಪಿಎಂಜಿಯೇ ಎಂದು ವಿರೋಧ ಪಕ್ಷಗಳು ಎತ್ತಿ ತೋರಿಸಿದವು. ಮೇ 28ರ ಭಾಷಣದ ಹಿಂದೆ ಇಷ್ಟು ದಿನಗಳ ಈ ಕಡತದ ಕೆಲಸವಿತ್ತು.

ಸೋತ ಮಸೂದೆಯ ತೂಕ

ಮತಕ್ಕೆ ಹಾಕಿದರೆ ಸೋಲುವುದೇ ವಿರೋಧ ಪಕ್ಷದ ಹಣೆಬರಹ. ಆದರೂ ಖಾಸಗಿ ಮಸೂದೆ ಯಾಕೆ ತರುತ್ತಾರೆ? ಕನ್ನಡಿಗರಿಗೆ ಮರೆಯಲಾಗದ ಒಂದು ಉದಾಹರಣೆ ಅದೇ ಸದನದಲ್ಲಿದೆ. ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶವಿದೆ ಎಂದು ಐರಿಷ್ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿತ್ತು. 20 ವರ್ಷ ಕಳೆದರೂ ಯಾವ ಸರ್ಕಾರವೂ ಅದನ್ನು ಕಾಯ್ದೆಯಾಗಿ ಬರೆದಿರಲಿಲ್ಲ. 2012ರಲ್ಲಿ ವಿರೋಧ ಪಕ್ಷದ ಸಾಲಿನ ಸದಸ್ಯೆ ಕ್ಲೇರ್ ಡೇಲಿ ಮತ್ತು ಇಬ್ಬರು ಸಂಗಡಿಗರು ಅಂಥ ಮಸೂದೆ ತಂದರು. ಏಪ್ರಿಲ್ 19ರಂದು ಅದು 109–20 ಮತಗಳಿಂದ ಬಿದ್ದುಹೋಯಿತು. ಅದೇ ವರ್ಷದ ಅಕ್ಟೋಬರ್ 28ರಂದು ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಗಾಲ್ವೆ ನಗರದ ಆಸ್ಪತ್ರೆಯಲ್ಲಿ ನಂಜಿನಿಂದ ತೀರಿಕೊಂಡರು. ಗರ್ಭ ಉಳಿಯುವುದಿಲ್ಲವೆಂದು ತಿಳಿದ ಮೇಲೆ ಅವರು ಗರ್ಭಪಾತ ಕೇಳಿದ್ದರು, ಅದು ಸಿಕ್ಕಿರಲಿಲ್ಲ.

ಏಪ್ರಿಲ್‌ನಲ್ಲಿ ಮಸೂದೆಯನ್ನು ಸೋಲಿಸಿದ್ದ ಸರ್ಕಾರವೇ 2013ರ ಜುಲೈನಲ್ಲಿ ತನ್ನದೇ ಕಾಯ್ದೆ ತಂದಿತು. 2018ರ ಜನಮತಗಣನೆ ಸಂವಿಧಾನದ ನಿಷೇಧವನ್ನೇ ಕಿತ್ತುಹಾಕಿತು. ಆ ಬದಲಾವಣೆ ತಂದವರು ಬೀದಿಗಿಳಿದ ಹೆಂಗಸರು, ಕುಟುಂಬದವರು, ವೈದ್ಯರು, ಪತ್ರಕರ್ತರು. ಆದರೆ ‘ಇಂಥದ್ದು ಆಗಬಹುದೆಂದು ಯಾರೂ ಎಚ್ಚರಿಸಿರಲಿಲ್ಲ’ ಎಂದು ಹೇಳಿ ಜಾರಿಕೊಳ್ಳುವ ದಾರಿ ಸರ್ಕಾರಕ್ಕೆ ಉಳಿದಿರಲಿಲ್ಲ. ಯಾರು ಯಾವ ಕಡೆ ಮತ ಹಾಕಿದರೆಂಬುದು ಹೆಸರು ಸಮೇತ ಕಡತದಲ್ಲಿತ್ತು. ಸೋತ ಮಸೂದೆಯ ತೂಕ ಇಷ್ಟು.

ಸಂವಿಧಾನ ಕೊಟ್ಟ ಗುರಾಣಿ

1937ರ ಐರಿಷ್ ಸಂವಿಧಾನದ 15ನೇ ವಿಧಿಯಲ್ಲಿ ಎರಡು ಮಾತುಗಳಿವೆ. ಒಂದು, ಸದನದಲ್ಲಿ ಆಡಿದ ಮಾತಿಗಾಗಿ ಸದಸ್ಯರು ಸದನಕ್ಕೆ ಹೊರತು ಯಾವ ನ್ಯಾಯಾಲಯಕ್ಕೂ, ಯಾವ ಅಧಿಕಾರಿಗೂ ಉತ್ತರದಾಯಿಗಳಲ್ಲ. ಎರಡು, ಸದನದಲ್ಲಿ ಆಡಿದ ಮಾತು ಎಲ್ಲೇ ಪ್ರಕಟವಾದರೂ ಅದಕ್ಕೆ ವಿಶೇಷಾಧಿಕಾರದ ರಕ್ಷಣೆ ಉಂಟು. ಮೊದಲನೆಯದು ಮಾತನಾಡುವವರಿಗೆ, ಎರಡನೆಯದು ಆ ಮಾತನ್ನು ಮತ್ತೆ ಹೇಳುವವರಿಗೆ. 2015ರಲ್ಲಿ ದೊಡ್ಡ ಪತ್ರಿಕೆಗಳ ವಕೀಲರು ಹಿಂಜರಿದದ್ದು ಈ ಎರಡನೆಯ ಮಾತು ಇದ್ದೂ. ತಡೆಯಾಜ್ಞೆಯ ಕಾಗದ ಕೈಯಲ್ಲಿದ್ದಾಗ, ಎದುರಿಗೆ ಹಣಬಲವಿರುವ ಕಕ್ಷಿದಾರ ಇದ್ದಾಗ, ಸಂವಿಧಾನದ ಸಾಲೂ ಧೈರ್ಯ ತುಂಬಲಿಲ್ಲ. ಓ'ಬ್ರಯನ್ ಆಗ ಐರ್ಲೆಂಡಿನ ದೊಡ್ಡ ಪತ್ರಿಕಾ ಸಮೂಹವೊಂದರ ಅತಿ ದೊಡ್ಡ ಷೇರುದಾರರು, ಹಲವು ರೇಡಿಯೊ ಕೇಂದ್ರಗಳ ಒಡೆಯರೂ ಆಗಿದ್ದರು ಎಂಬುದು ಈ ಪ್ರಸಂಗದ ಕಾವನ್ನು ಇನ್ನಷ್ಟು ಏರಿಸಿತು.

ಮಾತಾಡಿದವರಿಗೂ ಬರೆದವರಿಗೂ ಒಂದೇ ಬಗೆಯ ರಕ್ಷಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಐರ್ಲೆಂಡ್ ಅದಕ್ಕೂ ಮೊದಲೇ ಕಂಡಿತ್ತು. 1991ರಲ್ಲಿ ಗೋಮಾಂಸ ಉದ್ಯಮದ ಅವ್ಯವಹಾರದ ಬಗ್ಗೆ ಬ್ರಿಟಿಷ್ ವಾಹಿನಿಯೊಂದು ಕಾರ್ಯಕ್ರಮ ಪ್ರಸಾರ ಮಾಡಿತು; ವಿರೋಧ ಪಕ್ಷದವರು ಡಾಯ್ಲ್‌ನಲ್ಲಿ ಅಂಥದೇ ಆರೋಪ ಹೊರಿಸಿದರು; ನ್ಯಾಯಮಂಡಳಿ ಕುಳಿತಿತು. ಮಾಹಿತಿ ಕೊಟ್ಟವರು ಯಾರೆಂದು ಸಂಸದರನ್ನು ಕೇಳಿದಾಗ, ಸದನದ ಮಾತಿನ ಬಗ್ಗೆ ಅವರನ್ನು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಹೇಳಿತು. ಅದೇ ಪ್ರಶ್ನೆಗೆ ಉತ್ತರಿಸದ ಪತ್ರಕರ್ತೆ ಸೂಸನ್ ಓ'ಕೀಫ್ ಅವರ ಮೇಲೆ ಮಾತ್ರ ಮೊಕದ್ದಮೆ ಹೂಡಲಾಯಿತು. 1995ರಲ್ಲಿ ಅವರು ಖುಲಾಸೆಯಾದರು ಅನ್ನುವುದೊಂದೇ ಸಮಾಧಾನ.

ಗುರಾಣಿಯೇ ಕತ್ತಿಯಾದರೆ?

ಇದಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಸದನದಲ್ಲಿ ಹೆಸರೆತ್ತಿ ಆರೋಪಿಸಿದರೆ, ಆರೋಪ ಸುಳ್ಳೇ ಆಗಿದ್ದರೂ, ಹೊರಗಿರುವ ವ್ಯಕ್ತಿ ಮಾನನಷ್ಟದ ದಾವೆ ಹೂಡಲಾರ. ಕೋರ್ಟು ರಹಸ್ಯವಾಗಿಡಿ ಎಂದದ್ದನ್ನು ಸದನದಲ್ಲಿ ಬಯಲು ಮಾಡಿದರೆ ಕೋರ್ಟಿನ ಆದೇಶಕ್ಕೆ ಏನು ಬೆಲೆ? ಓ'ಬ್ರಯನ್ ಎತ್ತಿದ ಪ್ರಶ್ನೆ ಇದೇ. ಮರ್ಫಿ ಮತ್ತು ಶಿನ್ ಫೇನ್ ಪಕ್ಷದ ಪಿಯರ್ಸ್ ಡೊಹರ್ಟಿ ಅವರ ಮಾತುಗಳ ಬಗ್ಗೆ ಅವರು ಸದನದ ಸಮಿತಿಗೆ ದೂರು ಕೊಟ್ಟರು, ಸಮಿತಿ ಒಪ್ಪಲಿಲ್ಲ. ಸಮಿತಿಯ ವಿರುದ್ಧ ಕೋರ್ಟಿಗೆ ಹೋದರು. 2017ರಲ್ಲಿ ಹೈಕೋರ್ಟ್, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ವಾದ ತಳ್ಳಿಹಾಕಿದವು. ಸಮಿತಿಯ ತೀರ್ಮಾನವನ್ನು ತೂಗಲು ಹೊರಟರೆ ಸದನದ ಮಾತನ್ನೇ ಬಳಸುದಾರಿಯಲ್ಲಿ ಕೋರ್ಟಿಗೆ ಎಳೆದಂತಾಗುತ್ತದೆ ಎಂಬುದು ತೀರ್ಪಿನ ತಿರುಳು.

ಕುತೂಹಲದ ಸಂಗತಿಯೆಂದರೆ, ಅದೇ ವರ್ಷ ಅದೇ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಸಂಸತ್ತಿಗೆ ಲಗಾಮು ಹಾಕಿತು. ದತ್ತಿ ಸಂಸ್ಥೆಯೊಂದರ ಮುಖ್ಯಸ್ಥೆಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ 2014ರಲ್ಲಿ ಸುಮಾರು ಏಳು ತಾಸು ಪ್ರಶ್ನಿಸಿತ್ತು. ಅವರನ್ನು ಕರೆದದ್ದು ಒಂದಕ್ಕೆ, ಕೇಳಿದ್ದು ಇನ್ನೊಂದನ್ನು, ಸಮಿತಿ ತನ್ನ ವ್ಯಾಪ್ತಿ ಮೀರಿತು ಎಂದು ಕೋರ್ಟ್ ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ಗೆರೆ ಕಾಣುತ್ತದೆ: ಸದಸ್ಯರ ಮಾತಿಗೆ ಪೂರ್ಣ ರಕ್ಷಣೆ, ಆದರೆ ಹೊರಗಿನ ಪ್ರಜೆಯನ್ನು ಕರೆಸಿ ಕೂರಿಸಿದ ಸಮಿತಿ ತನಗೆ ಕೊಟ್ಟ ಕೆಲಸದ ಎಲ್ಲೆಯೊಳಗೇ ಇರಬೇಕು.

ಇನ್ನು ಮರ್ಫಿ ಕೇಳಿದ್ದಕ್ಕೆ ಉತ್ತರ? ಕೋರ್ಟಿನ ಸ್ಪಷ್ಟನೆ ಬಂದ ಜೂನ್ ತಿಂಗಳಲ್ಲೇ ಸರ್ಕಾರ ಮಣಿದು ತನಿಖಾ ಆಯೋಗ ರಚಿಸಿತು. ಮೊದಲು ನೇಮಕವಾದ ನ್ಯಾಯಮೂರ್ತಿ ಅನಾರೋಗ್ಯದಿಂದ ಹಿಂದೆ ಸರಿದರು. ಬ್ರಯನ್ ಕ್ರೆಗನ್ ಬಂದರು. ಬ್ಯಾಂಕಿನ ಗೋಪ್ಯ ದಾಖಲೆ ನೋಡಲು ಅಧಿಕಾರ ಸಾಲದೆಂದು 2016ರಲ್ಲಿ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ವರದಿ ಪ್ರಕಟವಾದದ್ದು 2022ರ ಸೆಪ್ಟೆಂಬರ್‌ನಲ್ಲಿ, ಅದೂ ಸೈಟ್‌ಸರ್ವ್ ಒಂದರ ಬಗ್ಗೆ. ಬ್ಯಾಂಕು ಸದ್ಭಾವನೆಯಿಂದಲೇ ನಡೆದುಕೊಂಡಿತ್ತು, ಆದರೆ ಸೈಟ್‌ಸರ್ವ್ ಕೊಟ್ಟ ಅಪೂರ್ಣ, ದಾರಿತಪ್ಪಿಸುವ ಮಾಹಿತಿ ನಂಬಿ ಮಾರಾಟಕ್ಕೆ ಒಪ್ಪಿತು. ಬ್ಯಾಂಕಿನ ದೃಷ್ಟಿಯಿಂದ ಅದು ವ್ಯಾವಹಾರಿಕವಾಗಿ ಸರಿಯಾದ ವಹಿವಾಟಲ್ಲ ಎಂದು ಆಯೋಗ ತೀರ್ಮಾನಿಸಿತು. ಪ್ರಶ್ನೆ ಎದುರಿಸಿದ ಸರ್ಕಾರ ಹೋಗಿ ಬೇರೆ ಸರ್ಕಾರಗಳು ಬಂದಿದ್ದವು. ಮರ್ಫಿ ಅಷ್ಟರಲ್ಲಿ ಸೋಷಿಯಲ್ ಡೆಮಾಕ್ರಟ್ಸ್ ಎಂಬ ಹೊಸ ಪಕ್ಷ ಸ್ಥಾಪಿಸಿದವರಲ್ಲಿ ಒಬ್ಬರಾಗಿದ್ದರು.

ಫಿರೋಜ್ ಗಾಂಧಿ ಕಟ್ಟಿದ ದಾರಿ

ನಮ್ಮ ಸಂವಿಧಾನ ರಚಿಸಿದವರು ರಾಜ್ಯ ನಿರ್ದೇಶಕ ತತ್ವಗಳನ್ನು ಐರ್ಲೆಂಡಿನಿಂದ ಪಡೆದರೆಂಬುದನ್ನು ಪಿಯುಸಿ ಪಠ್ಯದಲ್ಲಿ ಓದಿದ್ದೇವೆ. ಸಂಸದೀಯ ಮಾತಿನ ವಿಷಯದಲ್ಲಿ ಮಾತ್ರ ನಮ್ಮ 105ನೇ ವಿಧಿ ಕೈ ಬಿಗಿ ಹಿಡಿಯಿತು. ಸದಸ್ಯರ ಮಾತಿಗೆ ರಕ್ಷಣೆ ಕೊಟ್ಟಿತು. ಪ್ರಕಟಣೆಗೆ ಕೊಟ್ಟದ್ದು ಸದನವೇ ಅಧಿಕೃತವಾಗಿ ಪ್ರಕಟಿಸಿದರೆ ಮಾತ್ರ. ಪತ್ರಿಕೆಗಳು ಆ ನೆರಳಿನ ಹೊರಗೇ ಉಳಿದವು. ಆ ಕೊರತೆ ತುಂಬಿದವರು ಫಿರೋಜ್ ಗಾಂಧಿ. ಸಂಸತ್ತಿನ ಕಲಾಪದ ನಿಜವಾದ ವರದಿಗೆ, ದುರುದ್ದೇಶವಿಲ್ಲದಿದ್ದರೆ, ರಕ್ಷಣೆ ನೀಡುವ ಅವರ ಖಾಸಗಿ ಮಸೂದೆ 1956ರಲ್ಲಿ ಕಾಯ್ದೆಯಾಯಿತು. ಮರು ವರ್ಷವೇ ಅವರು ಜೀವ ವಿಮಾ ನಿಗಮದ ಹಣ ಉದ್ಯಮಿ ಮುಂಧ್ರಾ ಅವರ ಕಂಪನಿಗಳಿಗೆ ಹರಿದದ್ದನ್ನು ಲೋಕಸಭೆಯಲ್ಲಿ ಬಯಲಿಗೆಳೆದರು. ದೇಶ ಅದನ್ನು ಪತ್ರಿಕೆಗಳಲ್ಲಿ ಓದಿತು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜ್ ಕೂತಿದ್ದು ಆಡಳಿತ ಪಕ್ಷದ ಸಾಲಿನಲ್ಲೇ ಎಂಬುದು ಗಮನಾರ್ಹ. ತುರ್ತು ಪರಿಸ್ಥಿತಿಯಲ್ಲಿ ಅವರ ಪತ್ನಿಯ ಸರ್ಕಾರವೇ ಆ ಕಾಯ್ದೆಯನ್ನು ರದ್ದು ಮಾಡಿತು. 1977ರಲ್ಲಿ ಅದು ಮರಳಿ ಬಂತು. 44ನೇ ತಿದ್ದುಪಡಿ ಅದನ್ನು 361ಎ ವಿಧಿಯಾಗಿ ಸಂವಿಧಾನದಲ್ಲೇ ಸೇರಿಸಿ ಶಾಸನಸಭೆಗಳಿಗೂ ವಿಸ್ತರಿಸಿತು. ಆದರೂ ಹಕ್ಕುಚ್ಯುತಿಯ ಕತ್ತಿ ನಮ್ಮಲ್ಲಿ ಹೆಚ್ಚಾಗಿ ಬೀಸುವುದು ಬರೆದವರ ಮೇಲೆಯೇ. 2017ರ ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ ಶಾಸಕರ ಕುರಿತ ಬರಹಗಳಿಗಾಗಿ ಇಬ್ಬರು ಪತ್ರಕರ್ತರಿಗೆ ಒಂದು ವರ್ಷದ ಜೈಲು ವಿಧಿಸಲು ನಿರ್ಣಯಿಸಿದ್ದು ನೆನಪಿರಬಹುದು.

ಐರ್ಲೆಂಡಿನಲ್ಲಿ 2025ರಲ್ಲಿ ಎದ್ದ ಜಗಳ ಇನ್ನೂ ಒಂದು ಹೆಜ್ಜೆ ಹಿಂದಿನದು: ಮಾತಿನ ಸಮಯ ಯಾರದ್ದು? 2024ರ ನವೆಂಬರ್ ಚುನಾವಣೆಯ ನಂತರ ಸರ್ಕಾರಕ್ಕೆ ಬೆಂಬಲ ಕೊಟ್ಟ ಪಕ್ಷೇತರರೇ ವಿರೋಧ ಪಕ್ಷದ ಪಾಲಿನ ಸಮಯದಲ್ಲೂ ಮಾತನಾಡಬೇಕೆಂದು ಪಟ್ಟು ಹಿಡಿದರು. 2025ರ ಜನವರಿ 22ರಂದು ಗದ್ದಲ ಎಷ್ಟಾಯಿತೆಂದರೆ ಮೀಹಾಲ್ ಮಾರ್ಟಿನ್ ಅವರನ್ನು ಪ್ರಧಾನಿಯಾಗಿ ಆರಿಸುವುದೇ ಮರುದಿನಕ್ಕೆ ಹೋಯಿತು. ಮಾರ್ಚ್‌ನಲ್ಲಿ ನಿಯಮ ತಿದ್ದುವಾಗ ಮತ್ತೆ ಕೋಲಾಹಲ. ಹೊರಗಿನಿಂದ ನೋಡಿದವರಿಗೆ ಕೆಲವು ನಿಮಿಷಗಳಿಗಾಗಿ ಇಷ್ಟು ರಂಪವೇ ಅನ್ನಿಸಿತು. ಆದರೆ ವಿರೋಧ ಪಕ್ಷದ ಬಳಿ ಇರುವ ಆಸ್ತಿಯೆಂದರೆ ಆ ನಿಮಿಷಗಳೇ. ಸರ್ಕಾರದ ಗೆಳೆಯರೂ ಅದರಲ್ಲಿ ಪಾಲು ಕೇಳಿದರೆ ಪ್ರಶ್ನೆ ಕೇಳುವವರ ಸದ್ದು ಅಷ್ಟರಮಟ್ಟಿಗೆ ಅಡಗುತ್ತದೆ.

ಒಟ್ಟಿನಲ್ಲಿ, ಒಂಟಿ ಸದಸ್ಯರೊಬ್ಬರ ಪ್ರಶ್ನೆ ಸರ್ಕಾರವನ್ನು ಅಲುಗಾಡಿಸಬೇಕಾದರೆ ಮಾತನಾಡಲು ಸಮಯ, ಮಾತಿಗೆ ರಕ್ಷಣೆ, ಅದನ್ನು ನಿರ್ಭಯವಾಗಿ ವರದಿ ಮಾಡುವವರು, ಈ ಮೂರೂ ಬೇಕು. ಮೂರರಲ್ಲಿ ಮೊದಲು ಅಲುಗಾಡುವುದು ಕೊನೆಯದು. ಅದರ ಸದ್ದು ಸದನದಲ್ಲಿ ಯಾರಿಗೂ ಕೇಳುವುದಿಲ್ಲ. ಬೆಳಗಾವಿಯಲ್ಲೋ ಬೆಂಗಳೂರಲ್ಲೋ ನಮ್ಮ ಅಧಿವೇಶನ ನಡೆಯುವಾಗ ಯಾರು ಮೈಕ್ ಕಿತ್ತರು, ಯಾರು ಬಾವಿಗಿಳಿದರು ಎಂಬುದು ಟಿ.ವಿ.ಯಲ್ಲಿ ದಿನವಿಡೀ ಓಡುತ್ತದೆ. ಲಿಖಿತ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಓದಿ ಅದರಲ್ಲಿ ಬಿಟ್ಟುಹೋದದ್ದನ್ನು ಹುಡುಕುವವರು ಎಷ್ಟು ಮಂದಿ? ಸರ್ಕಾರಗಳು ಹೆದರುವುದು ಅವರಿಗೇ.